ಉಬ್ಬಕ್ಕ ಹೇಳಿದ ‘ಸಾಕು’

ಲೋಕ ಆಗಿನ್ನೂ ಹೊಸದು ಪುಟ್ಟಿ. ಕಡಲಿಗೆ ಉಪ್ಪು ಬಿದ್ದಿರಲಿಲ್ಲ. ಗಾಳಿಗೆ ಹೊತ್ತುಗೊತ್ತು ಅನ್ನುವುದೇ ಇರಲಿಲ್ಲ, ಮನಸ್ಸು ಬಂದ ಕಡೆ ಬೀಸುತ್ತಿತ್ತು.

ಆಗ ನೀರಿನ ಮೇಲೆ ನಾಲ್ವರು ಒಡಹುಟ್ಟಿದವರು ತೇಲುತ್ತಿದ್ದರು. ದೊಡ್ಡವಳು ಉಬ್ಬಕ್ಕ. ಅವಳ ಬೆನ್ನಿಗೆ ಹುಟ್ಟಿದವನು ಜೋಲ, ಆಮೇಲೆ ಗುಳುಮ, ಕೊನೆಯವಳು ಮೊಗ್ಗಿ. ಪಾಪ, ಒಬ್ಬರಿಗೂ ಈಜು ಬಾರದು. ಗಾಳಿ ಬಂದಾಗಲೆಲ್ಲ ಚೆಲ್ಲಾಪಿಲ್ಲಿ. ಇವತ್ತು ಯಾರು ಕಳೆದುಹೋಗುತ್ತಾರೋ ಅಂತ ಉಬ್ಬಕ್ಕನಿಗೆ ಕೂತರೂ ನಿಂತರೂ ಅದೇ ಚಿಂತೆ.

"ಬಿಡಿಬಿಡಿಯಾಗಿ ಇರೋದು ಬೇಡ, ಅಂಟಿಕೊಳ್ಳಿ," ಅಂದಳು. ಅಂಟಿಕೊಂಡರು. ಉಬ್ಬಕ್ಕ ಉಸಿರು ತುಂಬಿಕೊಂಡು ನೀಲಿ ಗುಳ್ಳೆಯಾದಳು, ಮೇಲೊಂದು ಹಾಯಿ ಎತ್ತಿದಳು. ಗುಳುಮ ಎಲ್ಲರ ಹೊಟ್ಟೆಯಾದ. ಅವನು ತಿಂದರೆ ನಾಲ್ವರಿಗೂ ಊಟ. ಮೊಗ್ಗಿ ಮುಂದೆ ಹುಟ್ಟುವ ಮರಿಗಳನ್ನು ಹೊತ್ತಳು. ಜೋಲ ಉದ್ದುದ್ದ ಎಳೆಗಳಾಗಿ ನೀರೊಳಗೆ ಇಳಿಬಿದ್ದ. ಎಳೆಯುದ್ದಕ್ಕೂ ಸಣ್ಣ ಸಣ್ಣ ಮುಳ್ಳು.

"ಜೋಲ, ಇವರನ್ನು ಸಾಕು ಕಣೋ," ಅಂತ ಅಕ್ಕ ದಿನಾ ಬೆಳಿಗ್ಗೆ ಹೇಳುವಳು.

"ಸಾಕ್ತೀನಿ ಅಕ್ಕ," ಅನ್ನುವನು. ಮೀನು ಸಿಕ್ಕಿದರೆ ಚುರ್ರನೆ ಕುಟುಕಿ ಗುಳುಮನ ಬಾಯಿಗಿಡುವನು. ತಿನ್ನಲು ಬಂದವರನ್ನೂ ಕುಟುಕುವನು. ಸಾಕುವುದೆಂದರೆ ಅವನಿಗೆ ಅಷ್ಟೇ ಗೊತ್ತು.

ಒಂದು ದಿನ ಗಾಳಿ ದಡದ ಕಡೆ ತಿರುಗಿತು.

"ಗಾಳಿಯಣ್ಣ, ಆ ಕಡೆ ಬೇಡಪ್ಪ. ಅಲ್ಲಿ ಬರೀ ಮರಳು, ಒಣಗಿಹೋಗ್ತೀವಿ," ಅಂದಳು ಉಬ್ಬಕ್ಕ.

"ನಾನೇನು ಮಾಡ್ಲಿ ತಾಯಿ, ಹಾಯಿ ಎತ್ತಿದವಳು ನೀನು," ಅಂದಿತು ಗಾಳಿ.

ಉಬ್ಬಕ್ಕ ಹಾಯಿ ಮಡಚಲು ನೋಡಿದಳು, ಆಗಲಿಲ್ಲ. ದೊಡ್ಡದೊಂದು ಅಲೆ ನಾಲ್ವರನ್ನೂ ಮರಳಿನ ಮೇಲೆ ಎಸೆದು ಹೋಯಿತು.

ಅಲ್ಲಿ ಏಡಿಯಜ್ಜಿ ಇದ್ದಳು. "ಅಯ್ಯೋ ಕೂಸುಗಳಾ, ತಡೀರಿ, ನೀರಿಗೆ ತಳ್ತೀನಿ," ಅಂತ ಓಡಿ ಬಂದು ಕಾಲು ಚಾಚಿದಳು. ಜೋಲ ಕುಟುಕಿದ. ಅಜ್ಜಿ ನೋವಿಗೆ ಹಿಂದೆ ಸರಿದು, ಮನಸ್ಸು ತಡೆಯದೆ ಮತ್ತೆ ಬಂದಳು. ಮತ್ತೆ ಕುಟುಕಿದ.

ಉಬ್ಬಕ್ಕನ ಉಸಿರು ಸೋರುತ್ತಿತ್ತು. ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಹೇಳಿದಳು: "ಸಾಕು, ಜೋಲ. ಸಾಕು."

ಕುಟುಕಿದ್ದು ಸಾಕು ಅಂತ ಅವಳು ಹೇಳಿದ್ದು. ಅವನಿಗೆ ಕೇಳಿಸಿದ್ದು ದಿನಾ ಬೆಳಿಗ್ಗೆಯ ಮಾತು.

"ಸಾಕ್ತೀನಿ ಅಕ್ಕ, ನೀನು ಹೆದರಬೇಡ," ಅಂದು ಅಜ್ಜಿಯನ್ನು ಇನ್ನಷ್ಟು ಬಲವಾಗಿ ಕುಟುಕಿದ. ಅಜ್ಜಿ ಅಡ್ಡಡ್ಡ ಓಡಿ ಬಿಲ ಸೇರಿದಳು. ಬಿಡಿಸಿ ಹೇಳಲು ಅಕ್ಕನಲ್ಲಿ ಉಸಿರೇ ಉಳಿದಿರಲಿಲ್ಲ.

ಅದಕ್ಕೇ ಪುಟ್ಟಿ, ಮಳೆಗಾಲದ ಗಾಳಿ ಬೀಸಿದ ಮಾರನೆಯ ದಿನ ದಡದಲ್ಲಿ ಎಳೆ ಜೋತ ನೀಲಿ ಗುಳ್ಳೆಯಂಥ ಜೀವಿ ಕಂಡರೆ, ಸತ್ತಿದೆ ಅಂತ ಮುಟ್ಟಬೇಡ. ಅಕ್ಕ ಒಣಗಿ ಹೋಗಿದ್ದರೂ ಅವಳ ಕೆಳಗೆ ಒದ್ದೆ ಮರಳಿನಲ್ಲಿ ಜೋಲ ಇನ್ನೂ ಮನೆಯವರನ್ನು ಸಾಕುತ್ತಿದ್ದಾನೆ.