ಬೋಮಿಲಯ್ಯನ ಮರಗಳಿಗೆ ಸಾವಿನ ಸುದ್ದಿ ಹೇಳಿದ್ದು

ತುಂಬಾ ಹಿಂದಿನ ಮಾತು, ಸೀಗೇಹಟ್ಟಿ ಅಂತ ಒಂದು ಊರು. ಇಸವಿ ಕೇಳಬೇಡಿ ಮಕ್ಕಳೇ. ಊರಿನ ಹುಟ್ಟು ಸಾವುಗಳನ್ನೆಲ್ಲ ಬರೆದಿಟ್ಟಿರುವ ನನ್ನ ಪುಸ್ತಕದಲ್ಲೂ ಆ ಜಾಗ ಖಾಲಿ ಬಿದ್ದಿದೆ. ಆ ಊರಿಗೆ ಚೆಕ್ ದೇಶದಿಂದ ಒಬ್ಬ ರೈತ ಬಂದ. ಅಲ್ಲಿ ಜಮೀನೆಲ್ಲ ಅಣ್ಣನ ಪಾಲಾಯಿತಂತೆ, ತಮ್ಮನಿಗೆ ದಾರಿಯೇ ಪಾಲಾಯಿತಂತೆ. ಅವನ ಹೆಸರು ಬೋಹುಮಿಲ್. ಊರಿನ ಬಾಯಲ್ಲಿ ಅದು ಬೋಮಿಲಯ್ಯ ಆಯಿತು.

ಹಡಗು ಇಳಿದು ಬಂದ ಅನ್ನುವವರಿದ್ದಾರೆ, ಪೂರಾ ನಡೆದೇ ಬಂದ ಅನ್ನುವವರೂ ಇದ್ದಾರೆ. ಹೆಗಲ ಮೇಲೆ ಗರಗಸ, ಸೊಂಟದಲ್ಲಿ ಬಾಗಿದ ಚಾಕು, ಬೆನ್ನ ಮೇಲೆ ಹೆಬ್ಬಾತಿನ ಗರಿ ತುಂಬಿದ ರಜಾಯಿ. ನಮ್ಮ ಬಿಸಿಲಲ್ಲಿ ರಜಾಯಿ ಹೊತ್ತು ಬಂದವನನ್ನು ನೋಡಿ ಊರು ನಕ್ಕಿತು. ರಜಾಯಿಯ ಮಾತು ಮಾತ್ರ ನಿಜ. ಅದು ನಮ್ಮ ಅಟ್ಟದಲ್ಲಿ ಈಗಲೂ ಇದೆ.

ಊರ ಹೊರಗೆ ನೂರಾ ಹನ್ನೊಂದು ಮಾವಿನ ಮರಗಳ ತೋಪು. ಹಣ್ಣು ಎಷ್ಟು ಹುಳಿ ಅಂದರೆ, ಕಚ್ಚಿದ ಗಿಳಿಯೂ ಕೊಂಬೆಗೆ ಕೊಕ್ಕು ಒರೆಸಿಕೊಳ್ಳುತ್ತಿತ್ತಂತೆ. ಊರಿನ ಯಜಮಾನರಾದ ಮಾಯಿಗೌಡರು, "ನೋಡ್ಕೋ ಹೋಗಯ್ಯ" ಅಂತ ಅದನ್ನು ಅವನಿಗೆ ಬಿಟ್ಟುಕೊಟ್ಟರು.

ಅವನು ಮಾಡಿದ ಮೊದಲ ಕೆಲಸಕ್ಕೇ ಊರು ಬೆಚ್ಚಿಬಿತ್ತು. ಒಂದೇ ತಿಂಗಳಲ್ಲಿ ಅಷ್ಟೂ ಮರಗಳ ತಲೆಯನ್ನು ಗರಗಸ ಹಾಕಿ ಕೊಯ್ದುಬಿಟ್ಟ. ಅಜ್ಜ ಮುತ್ತಜ್ಜಂದಿರ ಮರಗಳು ಬೋಳು ಮೋಟುಗಳಾಗಿ ನಿಂತವು. ಹೆಂಗಸರು ಬಾಯಿ ಬಡಿದುಕೊಂಡರು. ಬಡಗಿ ಲಿಂಗಾಚಾರಿ ಮರ ಕೊಯ್ದೇ ಬದುಕಿದವನು, ಅವನೂ ಆ ಕಡೆ ನೋಡಲಾರದೆ ಮುಖ ತಿರುಗಿಸಿಕೊಂಡನಂತೆ. ಇದನ್ನು ನನಗೆ ಹೇಳಿದ್ದು ಅವನ ಮನೆತನದ ಸೊಸೆ, ಬರೆದುಕೊಂಡಿದ್ದೇನೆ.

"ಕೊಲೆಗಾರ ಕಣಯ್ಯ ನೀನು!" ಅಂತ ಮಾಯಿಗೌಡರು ದೊಣ್ಣೆ ಹಿಡಿದು ಓಡಿದರು. ಅವನು ಕಲಿತಿದ್ದ ನಾಲ್ಕೇ ಕನ್ನಡ ಮಾತುಗಳನ್ನು ಕೂಡಿಸಿ, "ಮೂರು ವರ್ಷ ತಡಿ, ಗೌಡ" ಅಂದ. ಗೌಡರನ್ನು ಏಕವಚನದಲ್ಲಿ ಕರೆದದ್ದಕ್ಕೇ ಒಂದೇಟು ಜಾಸ್ತಿ ಬಿತ್ತು ಅಂತಾರೆ.

ಮೋಟುಗಳು ಚಿಗುರಿದವು. ಅವನು ಮೂರು ದಿನದ ದಾರಿಯಾಚೆಯ ತೋಟದಿಂದ ಸಿಹಿಮಾವಿನ ಕಡ್ಡಿಗಳನ್ನು ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ ತಂದ, ಚಿಗುರು ಚಿಗುರಿಗೂ ಕಸಿ ಕಟ್ಟಿದ. ಮೂರನೆಯ ವರ್ಷ ಹಣ್ಣು ಬಂತು. ಅದನ್ನು ತಿಂದವರು ಆ ದಿನ ಬೇರೇನೂ ತಿನ್ನಲಿಲ್ಲವಂತೆ, ಬಾಯಿಯ ರುಚಿ ಹೋದೀತು ಅಂತ. ಸೀಗೇಹಟ್ಟಿಯ ಹಣ್ಣು ಗಾಡಿಗಾಡಿಯಾಗಿ ಸಂತೆಗಳಿಗೆ ಹೋಯಿತು. ಊರಿಗೆಲ್ಲ ಅದೇ ಅನ್ನವಾಯಿತು.

ಆಮೇಲೆ ಅವನು ಗೌಡರ ತಂಗಿ ಕೆಂಚವ್ವನನ್ನು ಮದುವೆಯಾದ. ಅವಳು ಗಂಡ ಸತ್ತು ತವರಿಗೆ ಬಂದಿದ್ದವಳು. ಊರು ಇನ್ನೊಮ್ಮೆ ಬೆಚ್ಚಿತು. ಅವನ ದೇಶದಲ್ಲಿ ಚಳಿಗಾಲದ ಹಬ್ಬಕ್ಕೆ ಮನೆಯೊಡತಿ ಹಿಟ್ಟು ನಾದಿದ ಕೈಯಲ್ಲೇ ಹೋಗಿ ಹಣ್ಣಿನ ಮರಗಳನ್ನು ತಬ್ಬಿಕೊಳ್ಳುವ ಪದ್ಧತಿಯಂತೆ. ಕೆಂಚವ್ವನೂ ರಾಗಿಹಿಟ್ಟಿನ ಕೈಯಲ್ಲಿ ಮರಮರವನ್ನೂ ತಬ್ಬಿದಳು. "ಗಂಡನ್ನ ಬಿಟ್ಟು ಮರಾನ ತಬ್ಕೋತಾಳಲ್ರೇ" ಅಂತ ಓರಗೆಯ ಹೆಂಗಸರು ನಕ್ಕರು. "ಗಂಡ ಹಣ್ಣು ಬಿಡಲ್ವಲ್ಲ" ಅಂದಳಂತೆ ಅವಳು.

ಅವರ ಒಬ್ಬಳೇ ಮಗಳು ಅನೆಷ್ಕಾ, ಊರಿಗೆ ಅನಸಮ್ಮ. ನಮ್ಮ ಮನೆತನಕ್ಕೆ ಅವಳೇ ಮೂಲ.

ತೋಪೆಲ್ಲ ಹೂ ಬಿಟ್ಟು ಗಮ್ಮೆನ್ನುತ್ತಿದ್ದ ಕಾಲದಲ್ಲಿ ಬೋಮಿಲಯ್ಯ ಹಾಸಿಗೆ ಹಿಡಿದ. ಮಗಳನ್ನು ಹತ್ತಿರ ಕರೆದು ಒಂದೇ ಒಂದು ಮಾತು ನಡೆಸಿಕೊಡು ಅಂದ. ಮನೆಯೊಡೆಯ ಸತ್ತರೆ ಅವನ ದೇಶದಲ್ಲಿ ಮರಗಳಿಗೆ ಸುದ್ದಿ ಹೇಳಬೇಕಂತೆ. ಹೆಣ ಎತ್ತುವ ಮೊದಲು ಒಂದೊಂದು ಮರವನ್ನೂ ಮೂರು ಸಲ ತಟ್ಟಿ ಹೇಳಬೇಕು, ಇನ್ನು ಮೇಲೆ ನೋಡಿಕೊಳ್ಳುವವರು ಯಾರು ಅಂತಲೂ ಹೇಳಬೇಕು. ಇಲ್ಲವಾದರೆ ಅವು ಒಡೆಯ ತಮ್ಮನ್ನು ಬಿಟ್ಟುಹೋದ ಅಂದುಕೊಳ್ಳುತ್ತವೆ. ಅನಸಮ್ಮ ಅಪ್ಪನ ಕೈ ಹಿಡಿದು ಮಾತು ಕೊಟ್ಟಳು.

ಅವನು ಸತ್ತ. ಅವಳು ತೋಪಿನ ಕಡೆ ಹೊರಟಳು. ಮಾಯಿಗೌಡರು ಹೊಸ್ತಿಲಿಗೆ ಅಡ್ಡ ನಿಂತರು.

"ಎಲ್ಲಿಗಮ್ಮಿ?"

"ಮರಗಳಿಗೆ ಹೇಳ್ಬೇಕು ಮಾವ. ಅಪ್ಪಂಗೆ ಮಾತು ಕೊಟ್ಟಿವ್ನಿ."

"ಸೂತಕದ ಮೈಯಲ್ಲಿ ಹೂ ಬಿಟ್ಟಿರೋ ಮರ ಮುಟ್ತೀಯಾ? ಊರಿನ ಅನ್ನ ಕಣೇ ಅದು! ಏನಾದ್ರೂ ಆದ್ರೆ ನೀನೂ ನಿಮ್ಮವ್ವನೂ ಈ ಊರಲ್ಲಿ ಇರಂಗಿಲ್ಲ."

ಅವಳು ಅವ್ವನ ಮುಖ ನೋಡಿದಳು. ಹೊಸ್ತಿಲ ಒಳಗೇ ಕೂತುಬಿಟ್ಟಳು. ಬೋಮಿಲಯ್ಯನನ್ನು ಮಣ್ಣು ಮಾಡಿದರು.

ಮೂರನೆಯ ದಿನ ಬೆಳಗ್ಗೆ ತೋಪಿಗೆ ಹೋದವರು ಕೂಗುತ್ತಾ ಓಡಿ ಬಂದರು. ಊರೆಲ್ಲ ಓಡಿತು. ಓಡಿದವರು ತೋಪಿನ ಅಂಚಿನಲ್ಲೇ ನಿಂತುಬಿಟ್ಟರು. ನೂರಾ ಹನ್ನೊಂದು ಮರಗಳಲ್ಲಿ ಒಂದರ ಮೇಲೂ ಒಂದು ಹೂವೂ ಇರಲಿಲ್ಲ. ಹೂವೆಲ್ಲ ನೆಲದಲ್ಲಿತ್ತು, ಕಾಲು ಮುಳುಗುವಷ್ಟು. ಯಾರೂ ಅದರ ಮೇಲೆ ಹೆಜ್ಜೆ ಇಡಲಿಲ್ಲ. ಎಳೆಗೂಸುಗಳೂ ಅಳಲಿಲ್ಲ ಅಂತಾರೆ.

ತಾಯಿ ಮಗಳು ಕದ್ದು ಹೋಗಿ ಮರ ಮುಟ್ಟಿರಬೇಕು ಅಂತ, ತಂಗಿಯನ್ನು ಬೈಯಲಿಕ್ಕೆಂದೇ ಗೌಡರು ಆ ಮನೆಗೆ ನುಗ್ಗಿದರು. ಹಿತ್ತಲಿಗೆ ಕಾಲಿಟ್ಟವರು ಅಲ್ಲೇ ಕಲ್ಲಾದರು. ಹಿತ್ತಲಲ್ಲಿ ಬೋಮಿಲಯ್ಯ ಕೈಯಾರೆ ನೆಟ್ಟ ಒಂದು ಮಾವಿನ ಮರವಿತ್ತು. ಅದರ ಒಂದು ಹೂವೂ ಉದುರಿರಲಿಲ್ಲ, ಜೇನ್ನೊಣಗಳು ಗುಂಯ್‌ಗುಡುತ್ತಿದ್ದವು. ಅದರ ಬುಡದಲ್ಲಿ ಕೆಂಚವ್ವ ಕೂತಿದ್ದಳು.

"ಈ ಮರಕ್ಕೆ ಯಾರು ಹೇಳಿದ್ರು?" ಅಂತ ಕೇಳಿದರು ಗೌಡರು.

ಹೇಳಬೇಕು ಅಂತ ಯಾರೂ ಹೇಳಿರಲಿಲ್ಲ. ಹೆಣ ಒಳಗಿದ್ದಾಗ ಕೆಂಚವ್ವ ಇದಕ್ಕೇ ಹಣೆ ಚಚ್ಚಿಕೊಂಡು, "ನಿನ್ನ ನೆಟ್ಟೋನು ಹೋಗ್ಬಿಟ್ಟ, ನಾನೊಬ್ಬಳೇ ಆಗ್ಬಿಟ್ಟೆ" ಅಂತ ಅತ್ತಿದ್ದಳು, ಅಷ್ಟೇ. ಗೌಡರು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅನಸಮ್ಮನ ಮುಂದೆ ಬಂದು ನಿಂತರು.

"ನನ್ನದೇ ತಪ್ಪು ಕಣವ್ವ. ಹೋಗಿ ಹೇಳು."

ಅವಳು ಹೂವಿನ ಮೇಲೆ ಬರಿಗಾಲಲ್ಲಿ ನಡೆದಳು. ಒಂದೊಂದು ಮರವನ್ನೂ ಮೂರು ಸಲ ತಟ್ಟಿದಳು. "ಅಪ್ಪ ತೀರಿಕೊಂಡ್ರು. ಇನ್ನು ಮೇಲೆ ನಾನಿದ್ದೀನಿ." ನೂರಾ ಹನ್ನೊಂದು ಸಲ. ಬೆರಳ ಗೆಣ್ಣುಗಳ ಸಿಪ್ಪೆ ಸುಲಿದು ರಕ್ತ ಬಂತಂತೆ. ಹಿಂದೆಯೇ ರುಮಾಲು ಹಿಡಿದು ಬರುತ್ತಿದ್ದ ಗೌಡರು, "ಬಿಡವ್ವ, ಮಿಕ್ಕಿದ್ದಕ್ಕೆ ನಾನು ಹೇಳ್ತೀನಿ" ಅಂದರೆ ಅವಳು ಒಪ್ಪಲಿಲ್ಲ.

ಅದೇ ದಿನ ಮರಗಳು ಮತ್ತೆ ಹೂ ಬಿಟ್ಟವು ಅನ್ನುವವರಿದ್ದಾರೆ. ಅದನ್ನು ನಾನು ಬರೆದುಕೊಂಡಿಲ್ಲ. ಆ ವರ್ಷ ತೋಪಿನಲ್ಲಿ ಹಣ್ಣಿರಲಿಲ್ಲ, ಹಿತ್ತಲ ಮರದಿಂದ ಮನೆಗೆ ಒಂದರಂತೆ ಹಂಚಿದರು. ಮರುವರ್ಷ ಕೊಂಬೆಗಳಿಗೆ ಊರೆಗೋಲು ಕೊಡಬೇಕಾಯಿತು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು. ಮಂಜು ಬಿದ್ದು ಜಿಗಿಹುಳು ಹತ್ತಿದರೆ ಮಾವಿನ ಹೂ ಉದುರುತ್ತದೆ, ಗೊತ್ತು. ಆ ಒಂದು ಮರಕ್ಕೆ ಯಾಕೆ ಹತ್ತಲಿಲ್ಲ ಅಂತ ಯಾರಾದರೂ ಕೇಳಿದರೆ, ಪುಸ್ತಕದಲ್ಲಿ ಅದಕ್ಕೂ ಜಾಗ ಖಾಲಿ ಬಿಟ್ಟಿದ್ದೇನೆ.

ಮಾಯಿಗೌಡರು ಸಾಯುವಾಗ, ತಮ್ಮ ಸುದ್ದಿಯನ್ನೂ ಅಂಗಳದ ಹುಣಸೆಗೆ ಹೇಳಿಸಬೇಕು ಅಂದರಂತೆ. ಅಲ್ಲಿಂದ ಶುರುವಾಯಿತು. ಸೀಗೇಹಟ್ಟಿಯಲ್ಲಿ ಇವತ್ತಿಗೂ ಮನೆಯ ಹಿರಿಯರು ಹೋದರೆ, ಹೆಣ ಎತ್ತುವ ಮೊದಲು ಒಬ್ಬರು ಹೊರಗೆ ಹೋಗಿ ಮರವನ್ನು ಮೂರು ಸಲ ತಟ್ಟಿ ಬರುತ್ತಾರೆ. ಅವರನ್ನು ಯಾರೂ ತಡೆಯುವುದಿಲ್ಲ, ಹೊಸ್ತಿಲಲ್ಲಿ ನಿಂತವರು ಸರಿದು ದಾರಿ ಬಿಡುತ್ತಾರೆ. ಈಗ ಕೆಲವು ಮನೆಗಳಿಗೆ ಹಿತ್ತಲೇ ಇಲ್ಲ. ಅಂಥವರು ಮಹಡಿಯ ಮೇಲಿನ ಕುಂಡದ ಕರಿಬೇವಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆರಳಷ್ಟು ದಪ್ಪದ ಕಾಂಡವನ್ನು ಮೆಲ್ಲಗೆ ಮುಟ್ಟಿ, ಹೋದವರು ಯಾರು, ಇರುವವರು ಯಾರು ಅಂತ ಹೇಳಿ ಎದ್ದು ಬರುತ್ತಾರೆ.