ಕೋಡಿ ಬಿತ್ತು

"ಗುರುಗಳೇ, ರಾಜ್ಯಗಳು ಏಳುವುದು ಬೀಳುವುದು ನಡೆಯಲೇಬೇಕಾಗಿದ್ದಕ್ಕೆ ನಡೆಯುತ್ತದೆಯೋ, ಇಲ್ಲ ಯಾವುದೋ ಕಲ್ಲು ಯಾವುದೋ ಕಾಲಿಗೆ ತಾಗಿ ನಡೆಯುತ್ತದೆಯೋ?" ಎಂದು ಶಿಷ್ಯ ಚೆನ್ನವೀರ ಕೇಳಿದ. ಹಿಂದಿನ ದಿನವೆಲ್ಲ ಹಳೆಯ ಅರಸರ ಕತೆಗಳನ್ನು ಓದಿ ಅವನ ತಲೆ ಕಾದಿತ್ತು. ನಡೆಯಲೇಬೇಕಾದದ್ದು ನಡೆಯುವುದಾದರೆ ನಾವು ದಿನಾ ಎದ್ದು ದೇವರಿಗೆ ಹೂವೇರಿಸುವುದು ಯಾಕೆ, ಕಲ್ಲು ತಾಗಿ ನಡೆಯುವುದಾದರೆ ಆಗಲೂ ಯಾಕೆ, ನಾಳೆಯಿಂದ ತನಗೆ ಪೂಜೆಗೆ ಕೈ ಏಳುವುದಿಲ್ಲ ಎಂದೂ ಹೇಳಿಬಿಟ್ಟ.

ಗುರುಗಳು ನಕ್ಕು, ಕೂತುಕೋ ಎಂದರು. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೀರುಗಂಟಿ ಇದ್ದ. ಕೆರೆ ಕಾಯುವುದು, ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಆದರೆ ಕೆರೆ ಬತ್ತಿ ವರ್ಷಗಳೇ ಆಗಿದ್ದವು. ಅವನು ಮಾತ್ರ ಬೆಳಗಾದರೆ ಕೆರೆಯ ಏರಿ ಹತ್ತುವನು. ಹೆಚ್ಚಾದ ನೀರು ಹರಿದುಹೋಗುವ ಕೋಡಿಯ ಕಲ್ಲು ಗುಡಿಸಿ, ಗಂಗಮ್ಮನಿಗೆ ಒಂದು ಹೂವಿಟ್ಟು ಇಳಿಯುವನು. ಊರವರು, "ಏನಯ್ಯಾ, ಇವತ್ತು ಕೆರೆಯಲ್ಲಿ ಯಾರೂ ಮುಳುಗಲಿಲ್ಲ ತಾನೆ?" ಎಂದು ಚುಚ್ಚುವರು. "ನಿಮ್ಮ ಪುಣ್ಯ" ಎಂದು ಅವನು ನಡೆದುಬಿಡುವನು.

ಆ ಊರಿನ ಪಾಳೆಯಗಾರ ನೀರಿಗಾಗಿಯೇ ಪಕ್ಕದ ಸೀಮೆಯ ಮೇಲೆ ದಂಡು ಕಟ್ಟಿದ. ಅವರ ಹೊಳೆಯನ್ನು ಗೆದ್ದುಕೊಂಡೇ ಬರುತ್ತೇನೆ ಎಂದು ಹೊರಟ. ಈಟಿ ಹಿಡಿಯಬಲ್ಲವರೆಲ್ಲ ಹಿಂದೆ ಹೋದರು. ಕೋಟೆಯಲ್ಲಿ ಉಳಿದವರು ಹೆಂಗಸರು, ಮಕ್ಕಳು, ಮುದುಕರು. ದಂಡು ಗಡಿಯಲ್ಲಿ ಬೀಡುಬಿಟ್ಟು ಮುಹೂರ್ತಕ್ಕೆ ಕಾಯುತ್ತಿತ್ತು.

ಅಷ್ಟರಲ್ಲಿ ಮೇಲಿನ ಗುಡ್ಡಗಳಲ್ಲಿ ಮಳೆ ಹಿಡಿಯಿತು. ಗಡಿಯಲ್ಲಿ ಹನಿಯೂ ಇಲ್ಲ. ಇಲ್ಲಿ ಹಳ್ಳ ತುಂಬಿ ಬಂದು ಕೆರೆಗೆ ಬಿತ್ತು. ಹಗಲಿರುಳು ಬಿತ್ತು. ಒಂದು ಮುಂಜಾನೆ ನೀರುಗಂಟಿ ಕೋಡಿಕಲ್ಲು ಗುಡಿಸಲು ಬಗ್ಗಿದರೆ, ಅವನ ಕೈಯಲ್ಲಿದ್ದ ಪೊರಕೆಯನ್ನೇ ನೀರು ಕಿತ್ತುಕೊಂಡು ಹೋಯಿತು. ಕೆರೆ ತುಂಬಿ ಕೋಡಿ ಬಿದ್ದಿತ್ತು!

ಕೋಡಿ ಬಿದ್ದರೆ ಒಡೆಯ ಎಲ್ಲಿದ್ದರೂ ಬರಬೇಕು. ಆಯುಧ ಕೆಳಗಿಟ್ಟು ಗಂಗಮ್ಮನಿಗೆ ಬಾಗಿನ ಕೊಡಬೇಕು. ಅಲ್ಲಿಯ ತನಕ ಆ ನೀರನ್ನು ಯಾರೂ ಮುಟ್ಟುವಂತಿಲ್ಲ. ಅದು ಆ ಸೀಮೆಯ ಕಟ್ಟಳೆ. ನೀರುಗಂಟಿ ಪಂಚೆ ಎತ್ತಿ ಕಟ್ಟಿ ಓಡಿದ. ಮುಳ್ಳು ನೋಡಲಿಲ್ಲ, ಬಿಸಿಲು ನೋಡಲಿಲ್ಲ. ಗಡಿಯ ದಿಬ್ಬ ಹತ್ತುವಾಗ ಕೆಳಗೆ ಕಹಳೆ ಮೊಳಗಿತ್ತು, ದಂಡು ಮುಂದಕ್ಕೆ ಹೆಜ್ಜೆ ಎತ್ತಿತ್ತು. ಇದ್ದ ಉಸಿರನ್ನೆಲ್ಲ ಕೂಡಿಸಿ ಅವನು ಕೂಗಿದ.

ಬಾಯಿ ಒಣಗಿತ್ತು. ಮುಂದಿನ ಹಲ್ಲುಗಳು ಎಂದೋ ಹೋಗಿದ್ದವು. ಗಾಳಿ ಎದುರಿಗಿತ್ತು. ಕೋಡಿ ಬಿತ್ತು ಎಂದದ್ದು ಹಿಂದಿನ ಸಾಲಿನವರಿಗೆ ಕೋಟೆ ಬಿತ್ತು ಎಂದು ಕೇಳಿಸಿತು. ಜೀವವೆಲ್ಲ ಬಿಟ್ಟುಬಂದ ಮನೆಯ ಮೇಲೇ ಇದ್ದವರಿಗೆ ಬೇರೇನು ಕೇಳಿಸೀತು? ಹಗೆಗಳು ಸುತ್ತುಬಳಸಿ ಹೋಗಿ ಹೆಂಡಿರು ಮಕ್ಕಳ ಮೇಲೆ ಬಿದ್ದರೆಂದು ಅವರು ತಿರುಗಿ ಓಡಿದರು. ಅವರನ್ನು ಕಂಡು ನಡುವಿನವರು, ಅವರನ್ನು ಕಂಡು ಮುಂದಿನವರು. ಪಾಳೆಯಗಾರ ಕೂಗಿದ್ದು ಅವನ ಕುದುರೆಗೂ ಕೇಳಲಿಲ್ಲ, ಅದೂ ತಿರುಗಿತು.

ನೀರುಗಂಟಿ ಪಕ್ಕಕ್ಕೆ ಸರಿದು ಕೈಮುಗಿದು ನಿಂತ. ಕಣ್ಣಲ್ಲಿ ನೀರು ಬಂತು. ಗಂಗಮ್ಮನ ಮೇಲೆ ಈ ಜನಕ್ಕೆ ಎಂಥ ಭಕ್ತಿ, ಬಾಗಿನವೆಂದರೆ ಇಡೀ ದಂಡೇ ಓಡುತ್ತಿದೆಯಲ್ಲ ಎಂದುಕೊಂಡ.

ಅವನು ಏದುಸಿರು ಬಿಡುತ್ತ ಊರು ಮುಟ್ಟುವಾಗ ಕೋಟೆ ಇದ್ದಲ್ಲೇ ಇತ್ತು. ಏರಿಯ ಮೇಲೆ ಪಾಳೆಯಗಾರ ಕತ್ತಿ ಹಿರಿದು ಕಾದಿದ್ದ.

"ಕೋಟೆ ಬಿತ್ತು ಅಂತ ಸುಳ್ಳು ಕೂಗಿ ನನ್ನ ದಂಡು ಒಡೆದವನು ನೀನೇ ಏನೋ?"

ಆಗ ನೀರುಗಂಟಿಗೆ ತಿಳಿಯಿತು. "ಕೋಟೆ ಅನ್ನಲಿಲ್ಲ ಬುದ್ಧೀ, ಕೋಡಿ ಅಂದೆ. ನನ್ನ ಹಲ್ಲಿನ ತಪ್ಪಿಗೆ ತಲೆ ತೆಗೀತೀರಾದರೆ ತೆಗೀರಿ. ಮೊದಲು ಬಾಗಿನ ಕೊಟ್ಟುಬಿಡಿ. ಮಕ್ಕಳು ನೀರು ಮುಟ್ಟದೆ ಕಾಯ್ತಾ ನಿಂತಿವೆ."

ಪಾಳೆಯಗಾರ ತಿರುಗಿ ನೋಡಿದ. ಮಕ್ಕಳು ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನೀರನ್ನೇ ನೋಡುತ್ತ ನಿಂತಿದ್ದವು. ಬಾಗಿನದ ಮೊರ ಹಿಡಿಯಲು ಎರಡು ಕೈಯೂ ಬೇಕು. ಕತ್ತಿಯನ್ನು ಕಲ್ಲಿನ ಮೇಲಿಟ್ಟ. ಬಾಗಿನ ಮುಗಿಸಿ ಮತ್ತೆ ಎತ್ತಿಕೊಳ್ಳಲು ಬಗ್ಗಿದಾಗ, ಯಾಕೆ ಎತ್ತಬೇಕೆಂದು ಅವನಿಗೇ ತೋಚಲಿಲ್ಲ. ದಂಡು ಆಗಲೇ ನೇಗಿಲು ಹುಡುಕಲು ಹೋಗಿತ್ತು.

ಗುರುಗಳು ನಿಲ್ಲಿಸಿದರು. ಚೆನ್ನವೀರ ಕೂತಲ್ಲೇ ಮಂಡಿಯೂರಿ ಎದ್ದ. "ಹಾಗಾದರೆ ಯುದ್ಧ ತಪ್ಪಿದ್ದು ಒಂದು ಅಕ್ಷರದಿಂದ. ಬರೀ ಆಕಸ್ಮಿಕ" ಎಂದ. ಮರುಗಳಿಗೆಯೇ, ಸರಿಯಾಗಿ ಕೇಳಿದ್ದರೂ ಕಟ್ಟಳೆಯಂತೆ ಒಡೆಯ ಬರಲೇಬೇಕಿತ್ತಲ್ಲ, ಹಾಗಾದರೆ ಅದು ಆಗಲೇಬೇಕಾದದ್ದು ಎಂದ. ಎರಡರಲ್ಲಿ ಯಾವುದು, ಹೇಳಿಬಿಡಿ ಎಂದು ಗುರುಗಳ ಕಾಲು ಹಿಡಿದ.

ಗುರುಗಳು ಅವನ ತಲೆ ಸವರಿದರು. "ಅದು ಶಿವನಿಗೆ ಸೇರಿದ್ದು ಕಣಪ್ಪಾ. ನಾಳೆ ಕೋಡಿ ಬಿದ್ದರೆ, ಪೊರಕೆ ಹಿಡಿದು ಏರಿಯ ಮೇಲೆ ನೀನು ಇರುತ್ತೀಯಾ?"