ಹಂಡೆಯಜ್ಜಿಯೂ ಹೊಸ ನಲ್ಲಿಯೂ

ವಾರಕ್ಕೊಮ್ಮೆ ನೀರು ಬರುತ್ತಿದ್ದ ಕಾಲದಲ್ಲಿ ಮನೆಯ ಮಾನ ಕಾಯ್ದವಳು ತಾಮ್ರದ ಹಂಡೆಯಜ್ಜಿ. ಈಗ ಹೊಸ ನಲ್ಲಿಯಲ್ಲಿ ಹಗಲಿರುಳೂ ನೀರು. ಆದರೂ ಅಜ್ಜಿ ಬೆಳಗಾದರೆ ನಿನ್ನೆಯ ನೀರು ಹಳೆಯದಾಯಿತೆಂದು ಚರಂಡಿಗೆ ಚೆಲ್ಲಿ, ಮತ್ತೆ ಕಂಠಮಟ್ಟ ತುಂಬಿಸಿಕೊಳ್ಳುತ್ತಿದ್ದಳು.

"ಅಜ್ಜಿ, ನಾನು ಎಲ್ಲಿಗೂ ಹೋಗುವುದಿಲ್ಲ," ಎಂದಿತು ನಲ್ಲಿ.

"ಹಳೇ ನಲ್ಲಿಯೂ ಹಾಗೇ ಹೇಳಿ ವಾರಗಟ್ಟಲೆ ನಾಪತ್ತೆಯಾಗುತ್ತಿತ್ತು. ಮಾತು ಸಾಕು, ಸುರಿ ಮಗು."

ಒಂದು ಬೆಳಿಗ್ಗೆ ಬೀದಿಯ ಕೊನೆಮನೆಯ ಪ್ಲಾಸ್ಟಿಕ್ ಬಿಂದಿಗೆ ಬಾಗಿಲಿಗೆ ಬಂತು. "ಅಜ್ಜಿ, ಬೀದಿಯ ಹಂಡೆಗಳೆಲ್ಲ ನೀವು ಒಟ್ಟಿಗೆ ತುಂಬಿಸಿಕೊಳ್ಳುವಾಗ ನಮ್ಮ ನಲ್ಲಿಯಲ್ಲಿ ಬರೀ ಗಾಳಿ. ನೀವು ಚೆಲ್ಲುವ ನೀರನ್ನೇ ಕೊಡಿ, ಕುಡಿಯುತ್ತೇವೆ."

ಅಂದು ಅಜ್ಜಿ ನೀರನ್ನು ಚರಂಡಿಗೆ ಚೆಲ್ಲಲಿಲ್ಲ. ಬಿಂದಿಗೆಯನ್ನು ತುಂಬಿಸಿ ಕಳಿಸಿದಳು. ಮಾರನೇ ಬೆಳಿಗ್ಗೆ ಅರೆಹೊಟ್ಟೆಯಲ್ಲೇ ಕುಳಿತು ನಲ್ಲಿಗೆ ಹೇಳಿದಳು: "ಮೊದಲು ಕೊನೆಮನೆಗೆ ಹೋಗಿ ಬಾ, ಮಗು. ನನಗೇನೂ ಅವಸರವಿಲ್ಲ."